ಬೆಂಗಳೂರಿನ ಮನೆಯಲ್ಲಿ ಸಾಕಿರುವ ಬಾಲ್ ಪೈಥಾನ್‌ಗೆ ಎಷ್ಟು ಡಿಗ್ರಿ ಬಿಸಿ ಬೇಕು? ಹೀಟ್ ಮ್ಯಾಟನ್ನು ರಾತ್ರಿಯಿಡೀ ಹಾಕಿಡಬಹುದೇ?

ನಿಮ್ಮ ಮನೆ ಮೂರನೇ ಮಹಡಿಯಲ್ಲಿದೆ, ಮೂರಡಿ ಉದ್ದದ ಗಾಜಿನ ಟ್ಯಾಂಕಿನಲ್ಲಿ ಎರಡು ವರ್ಷದ ಬಾಲ್ ಪೈಥಾನ್ ಹಾವು ಇದೆ, ಡಿಸೆಂಬರ್ ಚಳಿಗೆಂದು ಹೀಟ್ ಮ್ಯಾಟ್ (ಕರೆಂಟಿನಿಂದ ಕಾಯುವ ಚಪ್ಪಟೆ ಹಾಳೆ) ತಂದು ಟ್ಯಾಂಕಿನ ಅಡಿಗೆ ಅಂಟಿಸಿ ನೇರವಾಗಿ ಪ್ಲಗ್‌ಗೆ ಹಾಕಿದ್ದೀರಿ ಎಂದು ಬರೆದಿದ್ದೀರಿ. ಅದನ್ನು ರಾತ್ರಿಯಿಡೀ ಹಾಗೆಯೇ ಬಿಡಬಹುದೇ, ಒಳಗೆ ಎಷ್ಟು ಡಿಗ್ರಿ ಇರಬೇಕು, ಮೂರು ವಾರದಿಂದ ಹಾವು ಇಲಿಯನ್ನು ಮುಟ್ಟದಿರುವುದಕ್ಕೆ ಚಳಿಯೇ ಕಾರಣವೇ ಎಂಬುದು ನಿಮ್ಮ ಪ್ರಶ್ನೆ. ನಾನು ಎಂಟು ವರ್ಷದಿಂದ ಇದೇ ಊರಿನಲ್ಲಿ ಇದೇ ಜಾತಿಯ ಹಾವನ್ನು ಸಾಕುತ್ತಿದ್ದೇನೆ, ಆ ಅನುಭವದ ಮೇಲೆ ಹೇಳುತ್ತೇನೆ.

ಥರ್ಮೋಸ್ಟ್ಯಾಟ್ (ಬೇಕಾದಷ್ಟು ಬಿಸಿಯಾದೊಡನೆ ಕರೆಂಟನ್ನು ತಾನೇ ನಿಲ್ಲಿಸುವ ಸಾಧನ) ಇಲ್ಲದೆ ಹೀಟ್ ಮ್ಯಾಟನ್ನು ರಾತ್ರಿಯಿಡೀ ಅಲ್ಲ, ಒಂದು ಗಂಟೆಯೂ ಹಾಕಿಡಬಾರದು. ದಯವಿಟ್ಟು ಇವತ್ತೇ ಪ್ಲಗ್ ತೆಗೆದುಬಿಡಿ. ಥರ್ಮೋಸ್ಟ್ಯಾಟ್ ಬರುವವರೆಗೆ ಎರಡು ಮೂರು ರಾತ್ರಿ ಕೋಣೆಯ 21 ಡಿಗ್ರಿಯಲ್ಲಿ ಕಳೆದರೆ, ಹೊಟ್ಟೆಯಲ್ಲಿ ಆಹಾರವಿಲ್ಲದ ಆರೋಗ್ಯವಂತ ಹಾವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೆ ಮಿತಿಮೀರಿ ಕಾದ ಮ್ಯಾಟಿನಿಂದ ಹೊಟ್ಟೆ ಸುಟ್ಟರೆ ಅದು ಮಾಯಲು ತಿಂಗಳುಗಳೇ ಬೇಕು.

ಎಷ್ಟು ಡಿಗ್ರಿ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರವಿಲ್ಲ. ಹಾವಿನ ದೇಹ ನಮ್ಮ ದೇಹದಂತೆ ತಾನೇ ಬಿಸಿಯನ್ನು ಉತ್ಪಾದಿಸಿಕೊಂಡು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವುದಿಲ್ಲ. ಬಿಸಿ ಬೇಕೆನಿಸಿದಾಗ ಬಿಸಿ ಜಾಗಕ್ಕೂ, ಸಾಕೆನಿಸಿದಾಗ ತಂಪು ಜಾಗಕ್ಕೂ ಸರಿಯುವುದೇ ಅದರ ಉಪಾಯ. ಆದ್ದರಿಂದ ಟ್ಯಾಂಕಿನ ಒಂದು ತುದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರುವಂತೆ ನೋಡಿಕೊಳ್ಳಬೇಕು. ರಾತ್ರಿ ತಂಪು ತುದಿಯಲ್ಲಿ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು. ಎರಡೂ ತುದಿಗಳಲ್ಲಿ ಹಾವು ಮೈ ಸುತ್ತಿಕೊಂಡು ಹಿಡಿಸುವಷ್ಟು ಇಕ್ಕಟ್ಟಾದ ಒಂದೊಂದು ಅಡಗುತಾಣ ಇರಲೇಬೇಕು. ಇದು ಘಾನಾ, ಟೋಗೊ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ನಾಡುಗಳಲ್ಲಿ ಇಲಿಬಿಲಗಳಲ್ಲಿಯೂ ಗೆದ್ದಲಿನ ಹುತ್ತಗಳಲ್ಲಿಯೂ ಹಗಲು ಕಳೆಯುವ ಹಾವು. (ಹುತ್ತದಲ್ಲಿ ಹಾವಿರುವ ಸಂಗತಿಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಬಿಸಿ ತುದಿಯಲ್ಲಿ ಮಾತ್ರ ಮರೆಯಿದ್ದರೆ, ಬಿಸಿ ಹೆಚ್ಚಾದರೂ ಅದು ಬಯಲಿಗೆ ಬರಲು ಹಿಂಜರಿದು ಅಲ್ಲಿಯೇ ಕುಳಿತುಬಿಡುತ್ತದೆ.

ಮ್ಯಾಟಿನ ವಿಷಯದಲ್ಲಿ ನಾನು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನನ್ನ ಬಳಿ ಥರ್ಮೋಸ್ಟ್ಯಾಟ್ ಇತ್ತು. ಅದರ ಪ್ರೋಬನ್ನು, ಎಂದರೆ ವಯರಿನ ತುದಿಯಲ್ಲಿ ಬಿಸಿಯನ್ನು ಅಳೆಯುವ ಭಾಗವನ್ನು, ಟ್ಯಾಂಕಿನ ಒಳಗೆ, ಬಿಸಿ ತುದಿಯ ನೆಲಕ್ಕೆ ಟೇಪಿನಿಂದ ಅಂಟಿಸಿದ್ದೆ. ಒಂದು ರಾತ್ರಿ ಹಾವು ನೀರಿನ ಬಟ್ಟಲನ್ನು ಮಗುಚಿ ಹಾಕಿತು, ಟೇಪು ನೆನೆದು ಬಿಟ್ಟುಕೊಂಡಿತು, ಪ್ರೋಬು ತಂಪು ತುದಿಗೆ ಎಳೆದುಕೊಂಡು ಹೋಗಿತ್ತು. ಅಲ್ಲಿನ 23 ಡಿಗ್ರಿಯನ್ನು ಅಳೆಯುತ್ತಿದ್ದ ಥರ್ಮೋಸ್ಟ್ಯಾಟ್, ಇನ್ನೂ ಬಿಸಿ ಸಾಲದೆಂದು ಮ್ಯಾಟಿಗೆ ಕರೆಂಟು ಕೊಡುತ್ತಲೇ ಇತ್ತು. ಬೆಳಿಗ್ಗೆ ನೆಲದ ಬಿಸಿ ಅಳೆದಾಗ 47 ಡಿಗ್ರಿ. ಹಾವು ಅದರ ಮೇಲೆಯೇ ಸುರುಳಿ ಸುತ್ತಿಕೊಂಡು ಮಲಗಿತ್ತು. ಬಾಲ್ ಪೈಥಾನ್‌ನ ತುಟಿಯ ಅಂಚಿನಲ್ಲಿ ಬಿಸಿಯನ್ನು ಗ್ರಹಿಸುವ ಕುಳಿಗಳಿದ್ದರೂ, ಸುತ್ತಲೂ ಚಳಿಯಿದ್ದು ಬಿಸಿ ಇರುವುದು ಒಂದೇ ಕಡೆಯಾದರೆ ಅದು ಮೈ ಸುಡುವವರೆಗೂ ಅಲ್ಲಿಂದ ಏಳದೆ ಇರಬಹುದು.

ಮರುದಿನ ಹೊಟ್ಟೆಯ ಭಾಗ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಪೊರೆ ಬಿಡುವ ಮುನ್ನವೂ ಈ ಹಾವಿನ ಹೊಟ್ಟೆ ಗುಲಾಬಿಯಾಗುವುದರಿಂದ ನಾನು ಅದೇ ಇರಬೇಕೆಂದುಕೊಂಡು ಸುಮ್ಮನಾದೆ. ಪೊರೆ ಬಿಡುವುದಾದರೆ ಕೆಲವು ದಿನಗಳಲ್ಲಿ ಮೈಬಣ್ಣ ಮಂಕಾಗಿ, ಕಣ್ಣು ಹಾಲು ಬೆರೆಸಿದ ನೀಲಿಯಂತೆ ಕಾಣಬೇಕಾಗಿತ್ತು. ನನ್ನ ಹಾವಿನ ಕಣ್ಣು ತಿಳಿಯಾಗಿಯೇ ಇತ್ತು. ವಾರ ಕಳೆದ ಮೇಲೆ ಹೊಟ್ಟೆಯ ಅಗಲ ಹುರುಪೆಗಳ ನಡುವೆ ನೀರುಗುಳ್ಳೆಗಳು ಎದ್ದವು. ಹಾವುಗಳಿಗೆ ಚಿಕಿತ್ಸೆ ಮಾಡುವ ಪಶುವೈದ್ಯರು ಸುಟ್ಟಗಾಯದ ಮುಲಾಮು ಕೊಟ್ಟು, ಟ್ಯಾಂಕಿನ ನೆಲಕ್ಕೆ ಹಾಸಿದ್ದ ತೆಂಗಿನ ನಾರಿನ ಪುಡಿಯನ್ನೆಲ್ಲ ತೆಗೆಸಿ ಬರಿಯ ಪೇಪರ್ ಟವೆಲ್ ಹಾಸಲು ಹೇಳಿದರು. ಮೂರು ಸಲ ಪೊರೆ ಕಳಚಿದ ಮೇಲೆ ಗಾಯ ಮಾಯಿತು, ಕಲೆ ಮಾತ್ರ ಇಂದಿಗೂ ಉಳಿದಿದೆ. ನಿಮ್ಮ ಮ್ಯಾಟ್ ಈಗಾಗಲೇ ಹಲವು ದಿನ ಉರಿದಿರುವುದರಿಂದ ಒಮ್ಮೆ ಹಾವನ್ನು ಎತ್ತಿ ಹೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪು, ಕಂದು ಕಲೆ ಅಥವಾ ಗುಳ್ಳೆ ಕಂಡರೆ ಅರಿಶಿನ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚದೆ, ಗುಳ್ಳೆ ಒಡೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಈಗ ನಾನು ಪ್ರೋಬನ್ನು ಹೊರಗಡೆ, ಮ್ಯಾಟಿಗೂ ಗಾಜಿಗೂ ನಡುವೆ ಇಡುತ್ತೇನೆ, ಅಲ್ಲಿ ಅದು ಹಾವಿನ ಕೈಗೆ ಸಿಗುವುದಿಲ್ಲ (ಹಾವಿಗೆ ಕೈ ಎಲ್ಲಿಂದ ಬಂತು ಎನ್ನಬೇಡಿ). ಟ್ಯಾಂಕಿನ ಒಳಗಂತೂ ಟೇಪು ಬೇಡವೇ ಬೇಡ. ಬಿಟ್ಟುಕೊಂಡ ಟೇಪಿಗೆ ಹಾವಿನ ಮೈ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ. ಪ್ರೋಬು ಹೊರಗಿರುವಾಗ ಥರ್ಮೋಸ್ಟ್ಯಾಟ್ ತೋರಿಸುವ ಅಂಕಿಯೂ ಒಳನೆಲದ ಬಿಸಿಯೂ ಒಂದೇ ಆಗಿರುವುದಿಲ್ಲ. ನನ್ನಲ್ಲಿ 35ಕ್ಕೆ ಇಟ್ಟರೆ ಒಳಗೆ 32 ಸಿಗುತ್ತದೆ, ನಿಮ್ಮ ಗಾಜಿನ ದಪ್ಪಕ್ಕೆ ತಕ್ಕಂತೆ ಅದು ಬೇರೆಯಾಗಬಹುದು. 30ರಿಂದ ಆರಂಭಿಸಿ, ಎರಡು ಮೂರು ಗಂಟೆಗೊಮ್ಮೆ ಒಳಗೆ ಅಳೆಯುತ್ತಾ ಒಂದೊಂದೇ ಡಿಗ್ರಿ ಏರಿಸಿ. ಮ್ಯಾಟ್ ನೆಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆವರಿಸಬಾರದು, ಅದರ ಮೇಲೆ ಹಾಸು ಒಂದು ಅಂಗುಲಕ್ಕಿಂತ ದಪ್ಪವಿರಬಾರದು. ಹಾಸು ದಪ್ಪವಾದರೆ ಬಿಸಿ ಮೇಲೇರದೆ ಅಡಿಯಲ್ಲಿಯೇ ಕಟ್ಟಿಕೊಂಡು ಗಾಜು ಸೀಳಬಹುದು. ಹಾವು ಬಗೆದುಕೊಂಡು ಕೆಳಗಿಳಿದರೆ ಬರಿಯ ಬಿಸಿ ಗಾಜಿನ ಮೇಲೆಯೇ ಮಲಗುತ್ತದೆ. ಟ್ಯಾಂಕಿನ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಕೊಟ್ಟು ಅಡಿಯಲ್ಲಿ ಗಾಳಿಯಾಡುವಂತೆ ಮಾಡಿ.

ಅಳೆಯುವ ಸಾಧನದ ಬಗ್ಗೆ ಒಂದು ಎಚ್ಚರಿಕೆ. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ಹಲವು ಡಿಗ್ರಿ ತಪ್ಪು ತೋರಿಸಬಹುದು, ಅಲ್ಲದೆ ಅದು ಹಾವು ಮಲಗುವ ಜಾಗವನ್ನು ಅಳೆಯುವುದೇ ಇಲ್ಲ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿದೆ ಎಂದು ಅದನ್ನು ಬಳಸಬೇಡಿ. ಅದು ಮನುಷ್ಯನ ದೇಹತಾಪದ ವ್ಯಾಪ್ತಿಗೆಂದೇ ಹೊಂದಿಸಿದ ಸಾಧನ. ಕಾರ್ಖಾನೆ, ಗ್ಯಾರೇಜ್‌ಗಳಲ್ಲಿ ಬಳಸುವ ಇನ್‌ಫ್ರಾರೆಡ್ ಗನ್ ಒಂದು, ವಯರಿನ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ಇದ್ದರೆ ಸಾಕು. ಗನ್ ಮೇಲ್ಮೈಯ ಬಿಸಿಯನ್ನು ಮಾತ್ರ ಹೇಳುತ್ತದೆ, ಗಾಳಿಯ ಬಿಸಿ ತಿಳಿಯಲು ಪ್ರೋಬೇ ಬೇಕು.

ಮ್ಯಾಟ್ ನೆಲವನ್ನು ಕಾಯಿಸುತ್ತದೆ, ಗಾಳಿಯನ್ನು ಹೆಚ್ಚು ಕಾಯಿಸುವುದಿಲ್ಲ. ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ಹೊರಗೆ 15–16 ಇರುವ ರಾತ್ರಿಗಳಲ್ಲಿ ನನ್ನ ಕೋಣೆ 20–21ಕ್ಕೆ ಇಳಿಯುತ್ತದೆ. ವಾರಗಟ್ಟಲೆ ಇಂಥ ಗಾಳಿಯನ್ನೇ ಉಸಿರಾಡಿದ ಬಾಲ್ ಪೈಥಾನ್‌ಗೆ ಶ್ವಾಸಕೋಶದ ಸೋಂಕು ಬರುವ ಸಂಭವ ಹೆಚ್ಚು: ಉಸಿರಾಡುವಾಗ ಸೀಟಿಯಂತಹ ಸದ್ದು, ಮೂಗಿನಲ್ಲಿ ಗುಳ್ಳೆಗುಳ್ಳೆಯಾಗಿ ಲೋಳೆ, ತೆರೆದ ಬಾಯಿ ಅದರ ಗುರುತುಗಳು. ನಾನು ಜಾಲರಿ ಮುಚ್ಚಳದ ಒಂದು ಭಾಗವನ್ನು ಫಾಯಿಲ್ ಹಚ್ಚಿದ ಥರ್ಮೋಕೋಲಿನಿಂದ ಮುಚ್ಚಿ, ಉಳಿದ ಭಾಗದ ಮೇಲೆ ಬೆಳಕು ಬೀರದ ಸೆರಾಮಿಕ್ ಹೀಟರನ್ನು ಇಟ್ಟಿದ್ದೇನೆ. ಥರ್ಮೋಕೋಲ್ ಅದರಿಂದ ಒಂದು ಅಡಿಯಾದರೂ ದೂರವಿರಬೇಕು. ಹೀಟರಿಗೆ ಪಿಂಗಾಣಿಯ ಹೋಲ್ಡರ್ ಬೇಕು, ಏಕೆಂದರೆ ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಇದಕ್ಕೂ ಬೇರೆಯೇ ಥರ್ಮೋಸ್ಟ್ಯಾಟ್ ಕೊಡಿ. ಹೀಟರ್ ಗಾಳಿಯನ್ನು ಒಣಗಿಸುವುದರಿಂದ ತೇವಾಂಶ 55–65 ಶೇಕಡಾ ಇರುವಂತೆ ಹಾಸಿನ ಮೇಲೆ ನೀರು ಚಿಮುಕಿಸಬೇಕು, ಇಲ್ಲವಾದರೆ ಪೊರೆ ತುಂಡುತುಂಡಾಗಿ ಮೈಗೆ ಅಂಟಿಕೊಳ್ಳುತ್ತದೆ. ಅಂಗಡಿಗಳಲ್ಲಿ ಸಿಗುವ ಹೀಟ್ ರಾಕ್ ಎಂಬ ಕರೆಂಟಿನ ಕಲ್ಲನ್ನು ಯಾರೇ ಹೇಳಿದರೂ ತರಬೇಡಿ.

ನೀವು ಚಳಿಯ ಬಗ್ಗೆ ಮಾತ್ರ ಕೇಳಿದ್ದೀರಿ, ಆದರೆ ಮೂರನೇ ಮಹಡಿಯ ಮನೆಯಲ್ಲಿ ನನಗೆ ಹೆಚ್ಚು ಭಯವಿರುವುದು ಏಪ್ರಿಲ್ ತಿಂಗಳದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಚಳಿಯಲ್ಲಿ ಬಿಸಿ ಕೂಡಿಸಬಹುದು, ಬೇಸಿಗೆಯಲ್ಲಿ ಬಿಸಿಯನ್ನು ತೆಗೆಯುವುದು ಕಷ್ಟ. ತಂಪು ತುದಿಯೇ 33 ದಾಟಿದರೆ ಹಾವಿಗೆ ಸರಿಯಲು ಜಾಗವೇ ಉಳಿಯುವುದಿಲ್ಲ, ದೇಹದ ಬಿಸಿ 38–40ರತ್ತ ಏರಿದರೆ ಗಂಟೆಗಳಲ್ಲಿಯೇ ಜೀವ ಹೋಗಬಹುದು. ಫ್ಯಾನ್ ಹಾಕಿದರೆ ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಹಾವು ಬೆವರುವುದಿಲ್ಲವಾದ್ದರಿಂದ ಬಿಸಿ ಗಾಳಿಯನ್ನೇ ತಿರುಗಿಸುವ ಫ್ಯಾನಿನಿಂದ ಅದಕ್ಕೆ ಹೇಳಿಕೊಳ್ಳುವ ಉಪಯೋಗವಿಲ್ಲ. ಟ್ಯಾಂಕನ್ನು ಬಿಸಿಲು ಬೀಳುವ ಗೋಡೆಯಿಂದ ದೂರ, ಮನೆಯ ಒಳಕೋಣೆಯಲ್ಲಿ ನೆಲದ ಮಟ್ಟಕ್ಕೆ ಇಳಿಸಿ. ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ತುದಿಯ ಜಾಲರಿಯ ಮೇಲಿಡಿ. ಮೈ ಮುಳುಗುವಷ್ಟು ದೊಡ್ಡ ನೀರಿನ ಬಟ್ಟಲು ಕೊಡಿ. ಗಾಜಿನ ಟ್ಯಾಂಕಿಗೆ ನೇರ ಬಿಸಿಲು ಹತ್ತು ನಿಮಿಷವೂ ಬೀಳಬಾರದು.

ಕರೆಂಟು ಹೋದಾಗ ಗಾಬರಿ ಬೇಡ. ಚಳಿಗಾಲದಲ್ಲಿ ಟ್ಯಾಂಕಿಗೆ ಕಂಬಳಿ ಹೊದಿಸಿ ಗಾಳಿಗೆ ಸ್ವಲ್ಪ ಸಂದು ಬಿಟ್ಟು, ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಹೊರಗಿನಿಂದ ಗಾಜಿಗೆ ಒರಗಿಸಿದರೆ ಹಲವು ಗಂಟೆ ನಡೆಯುತ್ತದೆ. ಕಂಬಳಿ ಹೊದಿಸಿರುವಾಗ ಹೀಟರಿನ ಸ್ವಿಚ್ಚನ್ನು ಮರೆಯದೆ ಆರಿಸಿ, ಕರೆಂಟು ಯಾವ ಹೊತ್ತಿಗೆ ಮರಳುತ್ತದೋ ತಿಳಿಯದು.

ಇನ್ನು ಇಲಿ ತಿನ್ನದಿರುವುದು. ಚಳಿಯಿದ್ದರೆ ಜೀರ್ಣವಾಗದು, ಆದ್ದರಿಂದ ಹಾವು ಬೇಡವೆನ್ನುವುದು ಸಹಜ. ತಿಂದ ಮೇಲೆ ಟ್ಯಾಂಕ್ ತಣ್ಣಗಾದರೆ ಇಲಿಯನ್ನು ಕಾರಿಬಿಡುವುದೂ ಉಂಟು, ಹಾಗಾದರೆ ಹತ್ತು ಹದಿನೈದು ದಿನ ಮತ್ತೆ ಏನೂ ಕೊಡಬಾರದು. ಆದರೆ ಬಿಸಿ ಸರಿಯಿದ್ದರೂ ಈ ಜಾತಿಯ ಹಾವು ಚಳಿಗಾಲದಲ್ಲಿ ವಾರಗಟ್ಟಲೆ ಉಪವಾಸ ಮಾಡುವುದು ಅಪರೂಪವಲ್ಲ. ಮೊದಲು ಎರಡು ತುದಿಯ ಬಿಸಿಯನ್ನು ಸರಿಪಡಿಸಿ, ಒಂದು ವಾರ ಹಾವನ್ನು ಮುಟ್ಟದೆ ಬಿಟ್ಟು, ಆಮೇಲೆ ಸಂಜೆ ಒಮ್ಮೆ ಇಲಿ ಕೊಟ್ಟು ನೋಡಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಿ. ಈಗಿನ ತೂಕದಲ್ಲಿ ಹತ್ತನೇ ಒಂದು ಭಾಗ ಇಳಿದರೆ, ಇಲ್ಲವೇ ಮೇಲೆ ಹೇಳಿದ ಉಸಿರಾಟದ ಗುರುತುಗಳಲ್ಲಿ ಒಂದಾದರೂ ಕಂಡರೆ, ಇನ್ನು ಕಾಯದೆ ವೈದ್ಯರಿಗೆ ತೋರಿಸಿ.