ಆಟವೇ ಅವಕಾಶ ಕೊಟ್ಟಿರುವಾಗ ತಪ್ಪೇನು?

ಪ್ರಶ್ನೆ: ರಾತ್ರಿ ಹೊತ್ತು ಮೂವರು ಗೆಳೆಯರೊಂದಿಗೆ ರಸ್ಟ್ ಎಂಬ ಆನ್‌ಲೈನ್ ವಿಡಿಯೊ ಗೇಮ್ ಆಡುತ್ತೇನೆ; ಅದರಲ್ಲಿ ಮನೆ ಕಟ್ಟಿಕೊಂಡು, ಇತರ ಆಟಗಾರರ ದಾಳಿಯಿಂದ ಬದುಕುಳಿಯಬೇಕು. ಕೈಯಲ್ಲಿ ಕಲ್ಲು, ಪಂಜು ಬಿಟ್ಟು ಬೇರೇನೂ ಇಲ್ಲದ ಹೊಸಬರನ್ನು ನಾನು ಕೊಲ್ಲುವುದಿಲ್ಲ. ಗೆಳೆಯರು ಇದಕ್ಕೆ ನಗುತ್ತಾರೆ. ಕಳೆದ ವಾರ ಅವರು ಮೈಕ್‌ನಲ್ಲಿ ಒಬ್ಬ ಹೊಸಬನನ್ನು ಊಟ ಕೊಡುವುದಾಗಿ ಮನೆಯೊಳಕ್ಕೆ ಕರೆದು ಕೊಂದರು. ‘ಆಟವೇ ಅವಕಾಶ ಕೊಟ್ಟಿರುವಾಗ ತಪ್ಪೇನು?’ ಎಂಬ ಅವರ ಮಾತಿಗೆ ನನಗೆ ಉತ್ತರ ಹೊಳೆಯಲಿಲ್ಲ.
– ಓದುಗರೊಬ್ಬರು, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ರಸ್ಟ್ ಆಡಲು ಬರುವವರು ತಮ್ಮ ಮನೆ ಸುಲಿಗೆಯಾಗಬಹುದೆಂದು ತಿಳಿದೇ ಬರುತ್ತಾರೆ. ಎದುರಾಳಿಯ ಗೋಡೆ ಒಡೆದು ದೋಚುವುದು ಚದುರಂಗದಲ್ಲಿ ಮಂತ್ರಿಯನ್ನು ಹೊಡೆದಂತೆ ಆಟದ ಒಂದು ನಡೆ; ಅದನ್ನು ಪಾಪವೆಂದು ನಾನು ಹೇಳಲಾರೆ.

ಆದರೆ ಆಟ ತಡೆಯದಿದ್ದ ಮಾತ್ರಕ್ಕೆ ಮಾಡಲೇಬೇಕೆಂದಾಗುವುದಿಲ್ಲ. 2012ರಲ್ಲಿ ಡೀನ್ ಹಾಲ್ ಅವರು ಆರ್ಮಾ 2 ಆಟವನ್ನು ಆಧರಿಸಿ ರೂಪಿಸಿದ ಡೇಝೀ ಎಂಬ ಆನ್‌ಲೈನ್ ಆಟದಲ್ಲಿ, ಗಾಯಗೊಂಡವನು ರಕ್ತದ ಚೀಲವನ್ನು ತಾನೇ ಏರಿಸಿಕೊಳ್ಳುವಂತಿರಲಿಲ್ಲ, ಇನ್ನೊಬ್ಬ ಆಟಗಾರನೇ ಏರಿಸಬೇಕಿತ್ತು. ಆ ಇನ್ನೊಬ್ಬನಿಗೆ ಗಾಯಗೊಂಡವನನ್ನೇ ಗುಂಡಿಕ್ಕಿ ಕೊಂದು ಚೀಲ ಒಯ್ಯುವ ಸ್ವಾತಂತ್ರ್ಯವೂ ಇತ್ತು. ಆ ಸ್ವಾತಂತ್ರ್ಯ ಇದ್ದುದರಿಂದಲೇ ಅಲ್ಲಿ ರಕ್ತ ಕೊಟ್ಟವನ ಕೆಲಸ ಉಪಕಾರ ಎನಿಸಿಕೊಂಡಿತು. 1997ರ ಅಲ್ಟಿಮಾ ಆನ್‌ಲೈನ್ ಎಂಬ ಆಟದಲ್ಲಿ ಆದದ್ದೇ ಬೇರೆ. ಹೊಸಬರ ಕೊಲೆ ಮಿತಿಮೀರಿದಾಗ, 2000ರಲ್ಲಿ ಆಟದ ಲೋಕವನ್ನೇ ಎರಡಾಗಿಸಿ, ಒಂದರಲ್ಲಿ ಒಪ್ಪಿಗೆಯಿಲ್ಲದೆ ಕೊಲ್ಲಲು ಸಾಧ್ಯವಾಗದಂತೆ ಮಾಡಲಾಯಿತು. ಹೊಸಬರು ನಿರಾತಂಕವಾಗಿ ಆಡಿದರು, ನಿಜ. ಆದರೆ ಕೊಲ್ಲಲು ಬಾರದ ಲೋಕದಲ್ಲಿ ಕೊಲ್ಲದಿರುವುದು ಯಾರ ಗುಣವೂ ಆಗುವುದಿಲ್ಲ. ನಿಮ್ಮ ನಿಯಮಕ್ಕೆ ಬೆಲೆ ಬಂದಿರುವುದು ರಸ್ಟ್ ನಿಮ್ಮ ಕೈ ಕಟ್ಟಿಲ್ಲ ಎಂಬುದರಿಂದಲೇ.

ನಿಮ್ಮ ಜಿಲ್ಲೆಯ ಕೆರೆಗಳ ನೀರು ಹಂಚುತ್ತಿದ್ದ ನೀರುಗಂಟಿಯನ್ನು ಮನೆಯ ಹಿರಿಯರು ಕಂಡಿರಬಹುದು. ಕತ್ತಲಲ್ಲಿ ತೂಬಿನ ಬಳಿ ಅವನೊಬ್ಬನೇ ಇದ್ದಾಗಲೂ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಸಲ್ಲಬೇಕಾದ ನೀರು ಸಲ್ಲುತ್ತದೆಂಬ ನಂಬಿಕೆಯ ಮೇಲೆ ಊರಿನ ಬೆಳೆ ನಿಂತಿತ್ತು. ನಿಮ್ಮ ಕಥೆಯಲ್ಲಿ ನನ್ನನ್ನು ನೋಯಿಸಿದ್ದು ಇಂಥದೇ ನಂಬಿಕೆ ಮುರಿದದ್ದು. ಆಟದೊಳಗಿನ ದೇಹ ಕಲ್ಪಿತವಾದರೂ ಮೈಕ್‌ನಲ್ಲಿ ಕೇಳಿದ ದನಿ ಒಬ್ಬ ಮನುಷ್ಯನದು, ಅದನ್ನು ನಂಬಿ ಬಂದವನೂ ಮನುಷ್ಯನೇ. ಈವ್ ಆನ್‌ಲೈನ್‌ನಂತಹ ಆಟಗಳಲ್ಲಿ ವಂಚನೆಯೂ ಆಟದ ಭಾಗವೇ ಎಂದು ಗೆಳೆಯರು ವಾದಿಸಬಹುದು. ಅದು ಪಳಗಿದವರ ನಡುವೆ ಸಲ್ಲುವ ಮಾತು. ಕಲ್ಲು ಹಿಡಿದು ನಿಂತ ಹೊಸಬನ ಬಳಿ ದೋಚಲು ಏನಿತ್ತು?

ರಸ್ಟ್‌ನ ಅಧಿಕೃತ ಸರ್ವರ್‌ಗಳಲ್ಲಿ ತಿಂಗಳಿಗೊಮ್ಮೆ ಕಟ್ಟಿದ ಮನೆಗಳ ಸಮೇತ ಆಟದ ನಕ್ಷೆಯೇ ಅಳಿಸಿಹೋಗುವುದರಿಂದ ಎಲ್ಲವೂ ಕ್ಷಣಿಕ ಎಂದೂ ಅವರು ಹೇಳಬಹುದು. ಮನೆ ಅಳಿಯುತ್ತದೆ, ಸರಿ. ಆದರೆ ಮೋಸಹೋದ ಹುಡುಗ ಮುಂದಿನ ಸಲ ಯಾರಾದರೂ ‘ಬಾ’ ಎಂದರೆ ಮಾತು ಮುಗಿಯುವ ಮುನ್ನವೇ ಗುಂಡು ಹಾರಿಸುತ್ತಾನೆ, ಆ ಗುಂಡು ತಗಲುವುದು ನಿಮ್ಮಂಥವರಿಗೆ.

ನಿಮ್ಮ ನಿಯಮವನ್ನು ಗೆಳೆಯರ ಮೇಲೆ ಹೇರಬೇಡಿ. ಹೊಸಬರನ್ನು ಕೊಲ್ಲುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆದರೆ ನಿಮ್ಮೆಲ್ಲರ ಮನೆಗೆ ಕರೆದ ಮಾತಿನಲ್ಲಿ ನಿಮಗೂ ಪಾಲಿದೆ. ಆದ್ದರಿಂದ ಇಂದು ರಾತ್ರಿ ಆಟ ಶುರುವಾಗುವ ಮೊದಲೇ ಹೇಳಿಬಿಡಿ: ಊಟಕ್ಕೆಂದು ಕರೆದವನಿಗೆ ಈ ಮನೆಯಲ್ಲಿ ಊಟ ಸಿಗಬೇಕು, ಇಲ್ಲವಾದರೆ ನಾನು ಬೇರೆ ಮನೆ ಕಟ್ಟಿಕೊಳ್ಳುತ್ತೇನೆ ಎಂದು.