ಒಂದು ಕಿಡ್ನಿ ತೆಗೆದರೆ ಮಗಳು ಹೇಗೆ ಬದುಕುತ್ತಾಳೆ?

(ಕುಟುಂಬದ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಿಂಧನೂರು ಕಡೆಯ ಕೂಲಿ ದಂಪತಿ. ಮಗಳಿಗೆ 3 ವರ್ಷ. ಸ್ನಾನ ಮಾಡಿಸುವಾಗ ಮಗುವಿನ ಹೊಟ್ಟೆಯ ಎಡಗಡೆ ಗಟ್ಟಿ ಗಡ್ಡೆಯೊಂದು ತಾಯಿಯ ಕೈಗೆ ಸಿಕ್ಕಿತ್ತು. ನೋವಿರಲಿಲ್ಲ, ಮಗು ಆಡಿಕೊಂಡೇ ಇತ್ತು. ಅಜ್ಜಿ ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸಿದರು. ಕೆಲವು ದಿನಗಳಲ್ಲಿ ಮೂತ್ರ ಕೆಂಪಗಾಯಿತು. ರಾಯಚೂರಿನಲ್ಲಿ ಸ್ಕ್ಯಾನಿಂಗ್ ಮಾಡಿದಾಗ ಗಡ್ಡೆ ಇರುವುದು ಕಿಡ್ನಿಯಲ್ಲಿ ಎಂದು ಗೊತ್ತಾಯಿತು. ವೈದ್ಯರು ವಿಲ್ಮ್ಸ್ ಟ್ಯೂಮರ್ (ಚಿಕ್ಕ ಮಕ್ಕಳ ಕಿಡ್ನಿಗೆ ಬರುವ ಕ್ಯಾನ್ಸರ್) ಇರಬಹುದೆಂದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟರು.

"ಒಂದು ಕಿಡ್ನಿ ತೆಗೆದ್ರ ನಮ್ಮ ಹುಡುಗಿ ಹೆಂಗ ಬದುಕ್ತಾಳರಿ ಮೇಡಂ?" ಎಂದು ತಂದೆ ನನ್ನನ್ನು ಕೇಳಿದರು. ತಾಯಿ ತಲೆ ಎತ್ತಲಿಲ್ಲ. ಬಸುರಿ ಇದ್ದಾಗ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದಳು, ಅದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಮಾತು ನಡೆದಿತ್ತು.

ಮೊದಲು ಆ ಮಾತನ್ನೇ ತೆಗೆದೆ. ಗರ್ಭದಲ್ಲಿ ಕಿಡ್ನಿಯಾಗಿ ಬಲಿಯಬೇಕಿದ್ದ ಕೆಲವು ಜೀವಕೋಶಗಳು ಹಾಗೇ ಉಳಿದು ಮುಂದೆ ಗಡ್ಡೆಯಾಗುತ್ತವೆ. ತಾಯಿ ಮಾಡಿದ್ದರಿಂದಲ್ಲ, ತಿಂದಿದ್ದರಿಂದಲೂ ಅಲ್ಲ. ಅಜ್ಜಿಗೂ ಹೇಳಿದೆ: "ಅಮ್ಮಾ, ನೀವು ತಿಕ್ಕಿಸಿದ್ದರಿಂದ ಗಡ್ಡೆ ಬಂದಿಲ್ಲ. ಆದರೆ ಇನ್ಮೇಲೆ ಯಾರೂ ಹೊಟ್ಟೆ ಒತ್ತಬೇಡಿ." ಒತ್ತಿದರೆ ಗಡ್ಡೆ ಒಡೆದು ಹೊಟ್ಟೆಯೊಳಗೆ ಹರಡಬಹುದು. ಆಗ ಕಿಮೋ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಿ) ಜಾಸ್ತಿಯಾಗುತ್ತದೆ, ರೇಡಿಯೇಶನ್ ಕೂಡ ಬೇಕಾಗಬಹುದು.

ಕಿಡ್ನಿಯ ಭಯಕ್ಕೆ ಉತ್ತರ ಸುಲಭ. ಇನ್ನೊಂದು ಆರೋಗ್ಯವಾಗಿದ್ದರೆ ಒಂದೇ ಸಾಕು. ಗಡ್ಡೆ ಶ್ವಾಸಕೋಶಕ್ಕೆ ಹರಡಬಲ್ಲದು, ಅದಕ್ಕೇ ಎದೆಯ ಸಿ.ಟಿ. ಸ್ಕ್ಯಾನ್ ಕೂಡ ಮಾಡುತ್ತಾರೆ. ಕೆಲವು ಕಡೆ ಮೊದಲು ಕಿಮೋ ಕೊಟ್ಟು ಗಡ್ಡೆ ಕುಗ್ಗಿಸುತ್ತಾರೆ, ಕೆಲವು ಕಡೆ ನೇರ ಆಪರೇಷನ್. ಬೇಗ ಗುರುತಿಸಿ ಪೂರ್ತಿ ಚಿಕಿತ್ಸೆ ಕೊಟ್ಟರೆ 10ರಲ್ಲಿ ಸುಮಾರು 9 ಮಕ್ಕಳು ಗುಣವಾಗುತ್ತಾರೆ.

ನನ್ನ ಚಿಂತೆ ಆ 'ಪೂರ್ತಿ' ಬಗ್ಗೆ. ಆಪರೇಷನ್ ಆದ ಮೇಲೆ ಮಗು ಚೆನ್ನಾಗಿಯೇ ಕಾಣುತ್ತದೆ. ನಾಟಿ ಶುರುವಾಗುತ್ತದೆ, ಬೆಂಗಳೂರು ದೂರ. ಕಿಮೋ ಅರ್ಧಕ್ಕೆ ನಿಲ್ಲುವುದು ಇಲ್ಲೇ. ಹಾಗಾಗಿ ಯಾರು ಯಾವಾಗ ಜೊತೆಗಿರಬೇಕು, ದೊಡ್ಡ ಮಗನನ್ನು ಯಾರು ನೋಡಿಕೊಳ್ಳಬೇಕು ಎಂದು ಅಲ್ಲೇ ಕೂತು ಗೊತ್ತುಮಾಡಿದೆವು. ಬಿಪಿಎಲ್ ಕಾರ್ಡ್, ಆಧಾರ್, ರೆಫರಲ್ ಚೀಟಿ ತಪ್ಪದೆ ಒಯ್ಯಲು ಹೇಳಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಿಮೋ ನಡೆಯುವಾಗ ಜ್ವರ ಬಂದರೆ ಊರಲ್ಲೇ ಸುಮ್ನೆ ಇಂಜೆಕ್ಷನ್ ಹಾಕಿಸಿ ಕಾಯಬಾರದು, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹೊರಡುವಾಗ ತಾಯಿ ಮೆಲ್ಲಗೆ ಕೇಳಿದಳು: "ನಾಳೆ ಇಕಿ ಮದುವಿ?" ಗುಣವಾದ ಎಷ್ಟೋ ಮಕ್ಕಳು ಓದಿದ್ದಾರೆ, ಮದುವೆಯಾಗಿದ್ದಾರೆ, ತಾಯಂದಿರೂ ಆಗಿದ್ದಾರೆ ಎಂದೆ. ಚಿಕಿತ್ಸೆ ಮುಗಿದ ಮೇಲೂ ವೈದ್ಯರು ಹೇಳಿದಾಗೆಲ್ಲ ಸ್ಕ್ಯಾನಿಂಗ್‌ಗೆ ಕರೆದೊಯ್ಯಬೇಕು, ವರ್ಷ ವರ್ಷ ಬಿಪಿ, ಮೂತ್ರ ಪರೀಕ್ಷೆ ಮಾಡಿಸಬೇಕು, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬಾರದು.