ಕಬ್ಬಿಣಾಂಶದ ಮಾತ್ರೆ ಮತ್ತು ಕಪ್ಪು ಮಲ

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷ. ಮಂಡಿನೋವಿಗೆಂದು ಔಷಧದಂಗಡಿಯಲ್ಲಿ ಕೇಳಿ ತಂದ ಮಾತ್ರೆಗಳನ್ನು ಬಹಳ ಕಾಲ ನುಂಗಿದ್ದರಿಂದ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಯಿತು. ಎಂಡೋಸ್ಕೋಪಿಯ ಮೂಲಕ ಅದನ್ನು ನಿಲ್ಲಿಸಿದರು. ಈಗ ಹಿಮೋಗ್ಲೋಬಿನ್ 8.2 ಇದೆ. ಕಬ್ಬಿಣಾಂಶದ ಮಾತ್ರೆ ಶುರುವಾದ ಮೇಲೆ ಮಲ ಕಪ್ಪಗಾಗಿದೆ, ಮಲಬದ್ಧತೆಯೂ ಇದೆ. ಮತ್ತೆ ರಕ್ತ ಹೋಗುತ್ತಿರಬಹುದೆಂದು ಹೆದರಿ ಮಾತ್ರೆ ನಿಲ್ಲಿಸಿದ್ದೇವೆ. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಬೆಲ್ಲ ಕೊಟ್ಟರೆ ಸಾಲದೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಸಾಲದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅರ್ಧ ಲೀಟರ್ ರಕ್ತ ಹೋದರೆ 250 ಮಿಲಿಗ್ರಾಂನಷ್ಟು ನಷ್ಟ. ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ ಮಾತ್ರ. ಪಲ್ಲೆ, ರೊಟ್ಟಿ ಅಗತ್ಯವಾಗಿ ಇರಲಿ, ಆದರೆ ಅವು ಮಾತ್ರೆಗೆ ಬದಲಿಯಲ್ಲ. ಬೆಲ್ಲಕ್ಕಿರುವ ಹೆಸರು ಅದರಲ್ಲಿರುವ ಕಬ್ಬಿಣಕ್ಕಿಂತ ದೊಡ್ಡದು.

ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲ ಕಪ್ಪು ಅಥವಾ ಕಡುಹಸಿರು ಬಣ್ಣಕ್ಕೆ ತಿರುಗುವುದು ಸಹಜ. ಅದು ಗಟ್ಟಿಯಾಗಿ, ಆಕಾರದಲ್ಲಿ ಎಂದಿನಂತೆಯೇ ಇರುತ್ತದೆ. ರಕ್ತಸ್ರಾವದ ಮಲವಾದರೋ ಡಾಂಬರಿನಂತೆ ಹೊಳೆಯುತ್ತ, ಅಂಟಿಕೊಳ್ಳುತ್ತ, ತೆಳ್ಳಗೆ, ಸಹಿಸಲಾಗದ ದುರ್ವಾಸನೆಯಿಂದ ಕೂಡಿರುತ್ತದೆ. ಅಂಥದ್ದು ಕಂಡರೆ, ಅಥವಾ ತಲೆಸುತ್ತು, ಬೆವರು, ರಕ್ತವಾಂತಿ ಕಾಣಿಸಿದರೆ, ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತದೊತ್ತಡಕ್ಕಾಗಿ ಕೆಲವು ಬಗೆಯ ಮಾತ್ರೆ ಸೇವಿಸುವ ವೃದ್ಧರಲ್ಲಿ ರಕ್ತ ಹೋದರೂ ನಾಡಿಬಡಿತ ಏರದೆ ಇರಬಹುದಾದ್ದರಿಂದ, ನಾಡಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಈ ಲಕ್ಷಣಗಳಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ ಮಾತ್ರೆಯನ್ನು ಪುನಃ ಆರಂಭಿಸಿ. ಒಮ್ಮೆ ಕಬ್ಬಿಣ ಒಳಹೋದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ, ಸುಮಾರು ಒಂದು ದಿನ ಕರುಳಿನ ಹೀರುವಿಕೆಯನ್ನು ತಗ್ಗಿಸುತ್ತದೆ; ಆದ್ದರಿಂದ ದಿನಕ್ಕೆ ಎರಡು ಮೂರು ಮಾತ್ರೆ ನುಂಗಿಸುವುದಕ್ಕಿಂತ ಒಂದೇ ಮಾತ್ರೆ, ಮಲಬದ್ಧತೆ ಕಾಡಿದರೆ ದಿನ ಬಿಟ್ಟು ದಿನ, ಕೊಡುವುದು ಲೇಸು. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ಬೇಡ. ನಡುವೆ ಎರಡು ಗಂಟೆ ಅಂತರವಿರಲಿ. ಹುಣ್ಣಿಗೆ ಕೊಟ್ಟಿರುವ ಪ್ಯಾಂಟೊಪ್ರಜೋಲ್ ಕಬ್ಬಿಣದ ಹೀರುವಿಕೆಯನ್ನು ಸ್ವಲ್ಪ ಕುಗ್ಗಿಸುತ್ತದೆಯಾದರೂ, ಅದನ್ನು ನೀವಾಗಿ ನಿಲ್ಲಿಸಕೂಡದು.

ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಬೇಕು. ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ಬಗ್ಗೆಯೂ, ದೊಡ್ಡ ಕರುಳಿನ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ; ಈ ವಯಸ್ಸಿನಲ್ಲಿ ರಕ್ತ ಸೋರುವ ಎರಡನೆಯ ಜಾಗವೊಂದು ಇರುವುದು ಅಪರೂಪವಲ್ಲ. ಹಿಮೋಗ್ಲೋಬಿನ್ ಪ್ರಮಾಣ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಯಬೇಕು.

ಜಠರದ ಹುಣ್ಣಿಗೆ ಕಾರಣವಾಗಬಲ್ಲ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ, ಜಠರದಲ್ಲಿ ಹುಣ್ಣು ಮಾಡಬಲ್ಲ ನೋವಿನ ಮಾತ್ರೆಗಳು ಬೇಡವೇ ಬೇಡ. ಪ್ಯಾರಾಸಿಟಮಾಲ್‌ ಅನ್ನು ವೈದ್ಯರು ಹೇಳಿದ ಮಿತಿಯಲ್ಲಿ ಕೊಡಬಹುದು. ಹೃದಯಕ್ಕಾಗಿ ಆಸ್ಪಿರಿನ್ ಸೇವಿಸುತ್ತಿದ್ದರೆ ಅದನ್ನು ನಿಲ್ಲಿಸುವ, ಮುಂದುವರಿಸುವ ತೀರ್ಮಾನವನ್ನು ಹೃದ್ರೋಗ ತಜ್ಞರಿಗೆ ಬಿಡಿ.